ಹೆಪ್ಪಿನೊಳಗಿನ ಕಾವಲು

ಕೇಳುಗರೇ, ಹಾಲಿಗಿಂತ ಮೊಸರು ನಿಧಾನವಾಗಿ ಕೆಡುವುದನ್ನು ನೀವೆಲ್ಲ ಬಲ್ಲಿರಿ. ಅದಕ್ಕೆ ಹುಳಿಯೇ ಮುಖ್ಯ ಕಾರಣವಾದರೂ ಹುಳಿಯೊಂದೇ ಅಲ್ಲ. ಹಾಲನ್ನು ಹುಳಿಸುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಅಣುಜೀವಿಯ ಕೆಲವು ತಳಿಗಳು ನೈಸಿನ್ ಎಂಬ ಪೆಪ್ಟೈಡನ್ನು ತಯಾರಿಸುತ್ತವೆ. 34 ಅಮೈನೋ ಆಮ್ಲಗಳ ಈ ಕಿರುಸರಪಳಿ ವೈರಿ ಜೀವಿಗಳ ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. 1947ರಲ್ಲಿ ಇಂಗ್ಲೆಂಡಿನ ಮ್ಯಾಟಿಕ್ ಮತ್ತು ಹಿರ್ಷ್ ಇದಕ್ಕೆ ಹೆಸರಿಟ್ಟರು.

ಇದರ ಸೂತ್ರವಿರುವುದು 11 ವಂಶವಾಹಿಗಳ ಗುಂಪಿನಲ್ಲಿ. ಹೊರಗೆ ನೈಸಿನ್ ಹೆಚ್ಚಿದಂತೆ ಪೊರೆಯ ಪ್ರೋಟೀನೊಂದು ಅದನ್ನು ಗುರುತಿಸಿ ಒಳಗೆ ಸುದ್ದಿ ಮುಟ್ಟಿಸುತ್ತದೆ. ವಂಶವಾಹಿಗಳು ಮತ್ತಷ್ಟು ಚುರುಕಾಗುತ್ತವೆ. ಭಸ್ಮಾಸುರನ ಗತಿ ತನಗೊದಗದಂತೆ ಕಾಯುವ ವಂಶವಾಹಿಗಳೂ ಅಲ್ಲಿಯೇ ಇವೆ.

ಆದರೆ ಈ ಕಾವಲಿಗೂ ಮಿತಿಯುಂಟು. ಇ. ಕೋಲಿಯಂಥ ಜೀವಿಗಳಿಗೆ ಹೊರಪೊರೆಯೇ ಕವಚ. ನೈಸಿನ್ ಅವುಗಳನ್ನು ಅಷ್ಟಾಗಿ ಬಾಧಿಸದು. ಆದ್ದರಿಂದ ಹೆಪ್ಪನ್ನು ನಂಬಿ ಹಾಲು ಕಾಯಿಸುವುದನ್ನು ಬಿಡಲಾಗದು.