ಗೊರಕೆಯ ಪರೀಕ್ಷೆ ತಾಲೂಕಿಗೆ ಬರಲಿ



ಹಾಲಾಡಿಯ ಈ ಸಭೆಯಲ್ಲಿ ಹಾರ, ಫಲತಾಂಬೂಲ ಎಲ್ಲ ಆಯಿತು. ಹಿಂದಿನ ಅಧ್ಯಕ್ಷರು ಸಂಘ ನಡೆಸಿದರು, ಲೆಕ್ಕಪತ್ರ ಸರಿಯಾಗಿಟ್ಟರು; ಅವರಿಗೆ ವಂದನೆ. ನನಗೆ ಹೇಳಲಿಕ್ಕಿರುವುದು ಒಂದೇ ವಿಷಯ, ಗೊರಕೆ. ಇದೇ ಸಂಘದಲ್ಲಿ ಮೊದಲ ಸಲ ಈ ಮಾತೆತ್ತಿದಾಗ ಸಭೆ ನಕ್ಕಿತ್ತು. ನಕ್ಕವರಲ್ಲಿ ಕೆಲವರು ಈಗ ಅದರ ಚಿಕಿತ್ಸೆಯ ಮಾಸ್ಕ್ ಹಾಕಿಕೊಂಡು ಮಲಗುತ್ತಾರೆ. ಹೆಸರು ಹೇಳುವುದಿಲ್ಲ.

ಎಲ್ಲ ಗೊರಕೆಯೂ ಕಾಯಿಲೆಯಲ್ಲ. ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಗೊಂಡು ದಾರಿ ಮುಚ್ಚಿ, 10 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವುದೇ ಸ್ಲೀಪ್ ಆಪ್ನಿಯಾ. ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಚ್ಚರಿಸುತ್ತದೆ, ಮತ್ತೆ ಉಸಿರು. ಉಸಿರು ನಿಲ್ಲುವುದು, ಅರೆಬರೆ ಕಟ್ಟುವುದು ಸೇರಿ ಗಂಟೆಗೆ 30 ಸಲ ಮೀರಿದರೆ ತೀವ್ರ. ಮಲಗಿದವನಿಗೆ ಗೊತ್ತಾಗುವುದಿಲ್ಲ, ಹೆಂಡತಿಗೆ ಗೊತ್ತು. "ಗೊರ್ಕಿ ನಿಂತ್ ಕೂಡ್ಲೆ ನಂಗ್ ಹೆದ್ರಿಕಿ ಆತ್ತ್" ಎನ್ನುವ ಹೆಂಗಸಿನ ಮಾತಿಗಿಂತ ದೊಡ್ಡ ಸೂಚನೆ ಬೇಕೆ? ನಾವು ವೈದ್ಯರು ಮಾಡುವುದೇನು? ಆಪ್ನಿಯಾದಿಂದ ಏರಿ, ಮೂರು ಮಾತ್ರೆಗೂ ಬಗ್ಗದ ಬಿಪಿಗೆ ನಾಲ್ಕನೆಯದನ್ನು ಬರೆದು ಕಳುಹಿಸುತ್ತೇವೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸ್ಲೀಪ್ ಆಪ್ನಿಯಾ ಇರಬಹುದೆಂದು ಏಮ್ಸ್ ತಜ್ಞರು 2023ರಲ್ಲಿ ಅಂದಾಜಿಸಿದ್ದಾರೆ.

ಖಚಿತ ಪರೀಕ್ಷೆಗೆ ಒಂದು ರಾತ್ರಿ ಸ್ಲೀಪ್ ಲ್ಯಾಬಿನಲ್ಲಿ ಮಲಗಬೇಕು. ತಲೆ, ಕಣ್ಣು, ಗಲ್ಲ, ಎದೆ, ಕಾಲು ಎಲ್ಲ ಕಡೆ ವಯರು. ಅಮಾಸೆಬೈಲಿನ ಕೂಲಿಕಾರ ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ಮಲಗುವುದುಂಟೆ? ದನದ ಹಾಲು ಕರೆಯುವವರು ಯಾರು? ಹೋಗುವುದಿಲ್ಲ. ಪರೀಕ್ಷೆ ಇಲ್ಲದೆ ಚಿಕಿತ್ಸೆಯೂ ಇಲ್ಲ.

ನನ್ನ ಜಗಳವೆಲ್ಲ ಇಲ್ಲಿಯದೇ. ಮನೆಯಲ್ಲೇ ಮಾಡುವ ಪರೀಕ್ಷೆ ಹೊಸದೇನಲ್ಲ. ಅಂಗೈಯಗಲದ ಪೆಟ್ಟಿಗೆ, ಎದೆಗೊಂದು ಪಟ್ಟಿ, ಮೂಗಿಗೊಂದು ನಳಿಕೆ, ಬೆರಳಿಗೊಂದು ಕ್ಲಿಪ್ಪು. ಬೆಳಿಗ್ಗೆ ತಂದುಕೊಟ್ಟರೆ ಮಾಹಿತಿಯನ್ನು ತಜ್ಞರು ದೂರದಲ್ಲೇ ಕುಳಿತು ಓದಬಹುದು. ಹೃದಯ ವೈಫಲ್ಯ ಇರುವವರಿಗೆ, ಪಾರ್ಶ್ವವಾಯು ಆದವರಿಗೆ ಲ್ಯಾಬೇ ಬೇಕು. ಪೆಟ್ಟಿಗೆ 'ಇಲ್ಲ' ಎಂದರೂ ಲಕ್ಷಣ ಜೋರಾಗಿದ್ದರೆ ಬಿಡಬಾರದು. ಆದರೆ ಸಂಶಯ ಬಲವಾಗಿದ್ದು ಬೇರೆ ತೊಡಕಿಲ್ಲದವರಿಗೆ ಇಷ್ಟು ಸಾಕು.

ಈ ಪೆಟ್ಟಿಗೆ ಕೊಡಿ ಎಂದು ಅರ್ಜಿ ಹಾಕಿದೆವು. ಒಂದು ಕಚೇರಿಯಿಂದ ಬಂದ ಉತ್ತರ: ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಕೊಟ್ಟಾಗಿದೆ, ಅವನ್ನೇ ಬಳಸಿ! ಆ ಆಕ್ಸಿಮೀಟರ್ ರಕ್ತದ ಆಮ್ಲಜನಕದ ಆ ಕ್ಷಣದ ಅಂಕೆ ತೋರಿಸಿ ಮರೆಯುತ್ತದೆ. ಎಚ್ಚರದಲ್ಲಿರುವವನ ಬೆರಳಿಗೆ ಸಿಕ್ಕಿಸಿದರೆ 98 ಬರುತ್ತದೆ, ಎಲ್ಲ ಸರಿ ಎಂದು ಬರೆಯುತ್ತಾರೆ. ನಮಗೆ ಬೇಕಾದದ್ದು ರಾತ್ರಿಯಿಡೀ ದಾಖಲಿಸಿ, ಗಂಟೆಗೆ ಎಷ್ಟು ಸಲ ಆಮ್ಲಜನಕ ಕುಸಿಯಿತೆಂದು ಹೇಳುವಂಥದ್ದು. ಇದನ್ನು ವಿವರಿಸಿ ಮತ್ತೆ ಬರೆದೆವು. ಕಡತ ಈಗ ಎಲ್ಲಿದೆಯೋ ದೇವರೇ ಬಲ್ಲ.

ನಮ್ಮವರದ್ದೂ ಒಂದು ಹಳೆಯ ತಕರಾರಿದೆ: ತಪಾಸಣಾ ಶಿಬಿರ ಮಾಡೋಣ, ಅಥವಾ ಸ್ಮಾರ್ಟ್ ಕೈಗಡಿಯಾರ ಸಾಕು. ಆಪಲ್, ಸ್ಯಾಮ್‌ಸಂಗ್ ಗಡಿಯಾರಗಳಲ್ಲಿ ಆಪ್ನಿಯಾದ ಸುಳಿವು ಕೊಡುವ ಸೌಲಭ್ಯಕ್ಕೆ 2024ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು ನಿಜ. ಅವು ಎಚ್ಚರಿಸುತ್ತವೆ, ರೋಗನಿರ್ಣಯ ಮಾಡುವುದಿಲ್ಲ. ಶಿಬಿರದ ಬಗ್ಗೆ ಏನು ಹೇಳಲಿ? ಬ್ಯಾನರ್ ಇಳಿಸಿದ ಮೇಲೆ ರೋಗಿಯನ್ನು ಯಾರು ಕೇಳಿದ್ದಾರೆ?

ಚಿಕಿತ್ಸೆಯ ಮಾತು ಚುಟುಕಾಗಿ. ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಸಿಪ್ಯಾಪ್ ಇವತ್ತಿಗೂ ಮುಖ್ಯ ಆಸರೆ. ಗಾಳಿಯ ಒತ್ತಡದಿಂದ ಗಂಟಲು ತೆರೆದಿಡುವ ಯಂತ್ರ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ದವಡೆ ಮುಂದೆ ತರುವ ದಂತಪಟ್ಟಿ ಕೆಲವರಿಗೆ ಸಾಕು. ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಸ್ಥೂಲಕಾಯದವರ ಆಪ್ನಿಯಾಕ್ಕೆಂದು 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ; ಬೆಲೆ ಕೇಳಿದರೆ ನಿದ್ದೆಯೇ ಹಾರಿಹೋಗುತ್ತದೆ. ಸಿಪ್ಯಾಪಿಗೆ ಕರೆಂಟು ಬೇಕು. ವಾರಾಹಿ ನದಿಯ 460 ಮೆಗಾವಾಟಿನ ವಿದ್ಯುದಾಗಾರ ಇಲ್ಲೇ ಹೊಸಂಗಡಿಯಲ್ಲಿದೆ, ಆದರೂ ಆಟಿ ಮಳೆಗೆ ಮರ ಬಿದ್ದರೆ ನಮ್ಮೂರಲ್ಲಿ ಕತ್ತಲೆ. ಯಂತ್ರ ಬರೆದುಕೊಡುವಾಗ ಬ್ಯಾಟರಿಯ ಮಾತನ್ನೂ ಆಡಿ.

ಇನ್ನು ಬೇಡಿಕೆ. ಕುಂದಾಪುರ ತಾಲೂಕು ಆಸ್ಪತ್ರೆಗೆ ಮೂರು ಪೆಟ್ಟಿಗೆ, ಅವನ್ನು ರೋಗಿಗೆ ಕಟ್ಟಿ ಕಳುಹಿಸಲು ತರಬೇತಾದ ಒಬ್ಬ ನರ್ಸ್. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ರೋಗಿಗೆ ಆಪ್ನಿಯಾದ ಸಂಶಯ ಅಳೆಯುವ ಸ್ಟಾಪ್-ಬ್ಯಾಂಗ್ ಪಟ್ಟಿಯ ಎಂಟು ಪ್ರಶ್ನೆ. ಅದರಲ್ಲೊಂದು, ಕತ್ತಿನ ಸುತ್ತಳತೆ 40 ಸೆಂಟಿಮೀಟರ್ ದಾಟಿದೆಯೇ ಎಂದು ನೋಡಲು ಒಂದು ಟೇಪು ಸಾಕು. ಬಾಳೆಬರೆ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸುವವರ ಲೈಸೆನ್ಸಿನ ವೈದ್ಯಕೀಯ ಫಾರಮ್ಮಿನಲ್ಲಿ ಗೊರಕೆಯ ಪ್ರಶ್ನೆಯೂ ಸೇರಲಿ. ಆಪ್ನಿಯಾದಿಂದ ತೂಕಡಿಸುತ್ತಾರೆಂದು ಲೈಸೆನ್ಸ್ ಕಿತ್ತುಕೊಳ್ಳುವುದಲ್ಲ, ಚಿಕಿತ್ಸೆ ಕೊಟ್ಟು ಸ್ಟಿಯರಿಂಗಿಗೆ ಮರಳಿಸುವುದು. ಯಕ್ಷಗಾನ ಮೇಳದ ಕಲಾವಿದರು ರಾತ್ರಿಯಿಡೀ ಕುಣಿದು ಹಗಲು ಮಲಗುತ್ತಾರೆ, ಅವರ ಪರೀಕ್ಷೆಯನ್ನು ಹಗಲಿಗೇ ಇಡಬೇಕು. ಆಯುಷ್ಮಾನ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗಾಗಿ ಇರುವುದು. ಮನೆಯಲ್ಲಿ ಬಳಸುವ ಸಿಪ್ಯಾಪನ್ನೂ ಸರ್ಕಾರ ಬಡವರಿಗೆ ಕೊಡಲಿ. ಊರೂರಿಗೆ ನಿದ್ರಾ ತಪಾಸಣೆಯ ವ್ಯಾನೂ ಬರಲಿ ಎಂಬ ಆಸೆ ನನ್ನದು. ಕೇಳುವುದಕ್ಕೆ ಖರ್ಚಿಲ್ಲವಲ್ಲ.

ಈ ಬೇಡಿಕೆಗಳ ನಿರ್ಣಯದ ಪ್ರತಿ ಬಾಗಿಲ ಪಕ್ಕದ ಮೇಜಿನ ಮೇಲಿದೆ. ಊಟಕ್ಕೆ ಏಳುವ ಮೊದಲು ಎಲ್ಲರೂ ಸಹಿ ಹಾಕಿ. ಸೋಮವಾರ ನಾನೇ ಅದನ್ನು ಉಡುಪಿಗೆ ಒಯ್ಯುತ್ತೇನೆ, ಬರುವವರು ಜೊತೆಗೆ ಬನ್ನಿ.