ಖಾಲಿ ಹೊಟ್ಟೆ ಮತ್ತು ಅರೆತಲೆನೋವು

ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಮೇಷ್ಟ್ರು ಹೇಳಿದ್ದರು. ಕ್ಷಮಿಸಿ, ತಲೆನೋವಿನ ಬಗ್ಗೆ ಮಾತಾಡುತ್ತೇನೆ. ನಾನು ವೈದ್ಯನಲ್ಲ, ಬಿ.ಇ. ಓದಿದವನು. ಆದರೆ ಅರೆತಲೆನೋವು, ಅಂದರೆ ಮೈಗ್ರೇನ್, ನನಗೆ ಈ ಶಾಲೆಯಷ್ಟೇ ಹಳೆಯ ಪರಿಚಯ.

ನಾವು ಓದುವಾಗ ಹೈಸ್ಕೂಲಿಗೆ ಬಿಸಿಯೂಟ ಬಂದಿರಲಿಲ್ಲ. ಬೆಳಿಗ್ಗೆ ಬರೀ ಟೀ ಕುಡಿದು ನಡೆದು ಬರುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ತಲೆಯ ಒಂದು ಬದಿ ಸಿಡಿಯುತ್ತಿತ್ತು, ಬೆಳಕು ಕಂಡರೆ ಆಗುತ್ತಿರಲಿಲ್ಲ, ವಾಂತಿಯಾಗುತ್ತಿತ್ತು. ಗಣಿತಕ್ಕೆ ಹೆದರಿ ನಾಟಕ ಮಾಡುತ್ತಾನೆ ಎಂದು ಗೆಳೆಯರು ನಗುತ್ತಿದ್ದರು.

ಕೆಲಸಕ್ಕೆ ಸೇರಿದ ಮೇಲೆ ವೈದ್ಯರೊಬ್ಬರು, ಊಟ, ನಿದ್ದೆ, ನೋವು ಮೂರರ ಸಮಯವನ್ನೂ ಬರೆದಿಡಲು ಹೇಳಿದರು. ಎರಡು ತಿಂಗಳು ಬರೆದೆ. ನೋವು ಬಂದ ದಿನಗಳಲ್ಲಿ ಹೆಚ್ಚಿನವು ತಿಂಡಿ ಬಿಟ್ಟ ದಿನಗಳೇ.

ಮೈಗ್ರೇನ್ ಇರುವವರ ಮಿದುಳಿಗೆ ದಿನಚರಿಯ ಏರುಪೇರು ಆಗಿಬರುವುದಿಲ್ಲ. ಊಟ ತಪ್ಪಿದರೆ ರಕ್ತದ ಸಕ್ಕರೆ ಇಳಿಯಬಹುದು. ಉಪವಾಸದ ದಿನ ನೀರೂ ಕಡಿಮೆ, ನಿತ್ಯದ ಕಾಫಿಯೂ ಇಲ್ಲ, ನಿದ್ದೆಯೂ ಅರೆಬರೆ. ಎಲ್ಲ ಸೇರಿ ನೋವನ್ನು ಎಬ್ಬಿಸುತ್ತವೆ. ಒಮ್ಮೆ ಎದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಕಾಡಬಹುದು. ಆಮೇಲೆ ಉಂಡರೂ ತಕ್ಷಣ ಹೋಗದು.

ನನ್ನ ಅಮ್ಮನಿಗೂ ಇದೇ ನೋವು. ಶನಿವಾರ ಒಪ್ಪತ್ತು, ಏಕಾದಶಿಗೆ ಉಪವಾಸ, ಸಂಜೆಗೆ ಅಂಗಡಿಯ ಮಾತ್ರೆ. ತಿಂಗಳಲ್ಲಿ 15 ದಿನ ನೋವಿನ ಮಾತ್ರೆ ನುಂಗುತ್ತಾ ಹೋದರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚುತ್ತದೆ. ಕೆಲವು ಮಾತ್ರೆಗಳಿಗೆ 10 ದಿನವೇ ಸಾಕು. "ವ್ರತ ಬಿಡು ಅಂತ ಮಾತ್ರ ಹೇಳಬೇಡ ಮಗಾ" ಅಂದರು. ಬಿಡಿಸಲಿಲ್ಲ. ಹಿಂದಿನ ರಾತ್ರಿ ಹೊಟ್ಟೆತುಂಬ ಊಟ, ಹೊತ್ತುಹೊತ್ತಿಗೆ ನೀರು, ನಡುವೆ ಹಾಲು ಹಣ್ಣು, ಇಷ್ಟಕ್ಕೆ ಒಪ್ಪಿದರು. ನೋವು ಪೂರ್ತಿ ಹೋಗಿಲ್ಲ, ಆದರೆ ಕತ್ತಲೆ ಕೋಣೆಯಲ್ಲಿ ಮಲಗುವ ದಿನಗಳು ಕಡಿಮೆಯಾಗಿವೆ. ರೋಜಾ ಇಡುವವರೂ ಸಹರಿ ಊಟ ತಪ್ಪಿಸಬೇಡಿ. ಕಾಫಿ, ಟೀಯನ್ನು ಮೊದಲೇ ಸ್ವಲ್ಪಸ್ವಲ್ಪವಾಗಿ ಇಳಿಸಿಕೊಳ್ಳಿ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ ಮಾಡಬೇಡಿ.

ಎಲ್ಲ ತಲೆನೋವೂ ಹಸಿವಿನದ್ದಲ್ಲ. ಎಂದೂ ಇಲ್ಲದಂಥ ನೋವು ದಿಢೀರನೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಗುರುಗಳಲ್ಲಿ ಒಂದೇ ವಿನಂತಿ. ಯಾವುದಾದರೂ ಮಗು ಬೆಂಚಿಗೆ ತಲೆಯಿಟ್ಟು ಮಲಗಿದ್ದರೆ ಬೈಯುವ ಮೊದಲು ಕೇಳಿ: "ಬೆಳಿಗ್ಗೆ ಏನು ತಿಂದೆ?" ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಎಷ್ಟೋ ವರ್ಷದ ನೋವು ತಪ್ಪುತ್ತಿತ್ತು.