ರಾಯರ ಹೆಸರಿನ ಕಪ್ಪೆಗಳು

ಕೆಲವು ವರ್ಷಗಳ ಕೆಳಗೆ, ಮಳೆಗಾಲದಲ್ಲಿ, ವಿದ್ಯಾರ್ಥಿಗಳೊಡನೆ ಕೊಟ್ಟಿಗೆಹಾರದಲ್ಲಿ ಒಂದು ರಾತ್ರಿ ತಂಗಿದ್ದೆ. ಮಳೆ ಹೊಳವಾದೊಡನೆ ಕಾಫಿ ತೋಟದ ಬೇಲಿಯ ಕಡೆಯಿಂದ ‘ಟಿಕ್, ಟಿಕ್’ ಎಂಬ ಶಬ್ದ ಹೊರಟಿತು. ಜೀರುಂಡೆಯೆಂದು ನಾನು ಹೇಳಿದೆ. ಒಬ್ಬ ಹುಡುಗ ನಂಬದೆ ದೀಪ ಹಿಡಿದು ಅರ್ಧ ಗಂಟೆ ಹುಡುಕಿ, ಎಲೆಯ ಮೇಲೆ ಕುಳಿತಿದ್ದ ಕಪ್ಪೆಯೊಂದನ್ನು ತೋರಿಸಿದ. ಹೆಬ್ಬೆರಳಿನ ಉಗುರಿಗಿಂತ ಅಷ್ಟಿಷ್ಟು ದೊಡ್ಡದು. ಗಂಟಲಿನ ಚೀಲ ಮಾತ್ರ ಉಬ್ಬಿ, ದೀಪದ ಬೆಳಕು ಅದರೊಳಗಿಂದ ಹಾಯ್ದು ಕಾಣುತ್ತಿತ್ತು. ಪ್ರಾಣಿಶಾಸ್ತ್ರದ ಅಧ್ಯಾಪಕನ ಮಾನ ಅಷ್ಟಕ್ಕೇ ಉಳಿಯಲಿಲ್ಲ. ನಾನು ಓದುವ ಕಾಲದಲ್ಲಿ ಕಲಿತ ಹೆಸರನ್ನು ಹೇಳಿದರೆ, ಅದು ಈಗ ಬದಲಾಗಿದೆಯೆಂದ ಅದೇ ಹುಡುಗ. “ಹೆಸರು ಬದಲಾದರೆ ಕಪ್ಪೆ ಬದಲಾಯಿತೇ, ಸಾರ್?” ಎಂದ ಪಕ್ಕದಲ್ಲಿದ್ದವನು. ಆ ಪ್ರಶ್ನೆಗೆ ಅಂದು ಕೊಡಲಾರದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡಲು ಪ್ರಯತ್ನಿಸುತ್ತೇನೆ.

ಪ್ರತಿಯೊಂದು ಪ್ರಾಣಿಗೂ ಶಾಸ್ತ್ರದಲ್ಲಿ ಎರಡು ಹೆಸರುಂಟು: ಮೊದಲನೆಯದು ಜಾತಿಯದು, ಎರಡನೆಯದು ಪ್ರಭೇದದ್ದು. ನಮ್ಮ ಘಟ್ಟಗಳ ಈ ಪೊದೆಗಪ್ಪೆಗಳನ್ನು ಹತ್ತೊಂಬತ್ತನೆಯ ಶತಮಾನದ ಪಂಡಿತರು ‘ಇಕ್ಸಾಲಸ್’ ಎಂಬ ಜಾತಿಯಲ್ಲಿ ಸೇರಿಸಿದ್ದರು. ಆದರೆ ಆ ಹೆಸರನ್ನು 1837ರಲ್ಲಿಯೇ ಗೊರಸುಳ್ಳ ಬೇರೊಂದು ಪ್ರಾಣಿಗೆ ಕೊಟ್ಟಾಗಿತ್ತು. ಒಂದು ಹೆಸರು ಎರಡು ಜಾತಿಗಳಿಗೆ ಸಲ್ಲದೆಂಬುದು ಶಾಸ್ತ್ರದ ಕಟ್ಟಳೆ. ಆದ್ದರಿಂದ ‘ಫಿಲಾಟಸ್’ ಎಂಬ ಹೆಸರು ಬಳಕೆಗೆ ಬಂತು. ಇದು ಕೇವಲ ದಫ್ತರದ ತಿದ್ದುಪಡಿ. ಕಪ್ಪೆಯ ವಿಷಯದಲ್ಲಿ ಹೊಸದಾಗಿ ತಿಳಿದದ್ದು ಏನೂ ಇಲ್ಲ. ಮುಂದಿನ ಬದಲಾವಣೆ ಹಾಗಲ್ಲ. ಜೀವಕೋಶದ ಡಿ.ಎನ್.ಎ.ಯನ್ನು ಓದಿ ಹೋಲಿಸುವ ವಿದ್ಯೆ ಕೈಗೆ ಬಂದ ಮೇಲೆ, ಬೋರ್ನಿಯೋ, ಜಾವಾ ಮೊದಲಾದ ದ್ವೀಪಗಳ ಫಿಲಾಟಸ್‌ಗಳಿಗೂ ನಮ್ಮ ಪೊದೆಗಪ್ಪೆಗಳಿಗೂ ಹತ್ತಿರದ ನಂಟಿಲ್ಲವೆಂದು ಗೊತ್ತಾಯಿತು. ನಮ್ಮವುಗಳ ನಿಜವಾದ ದಾಯಾದಿಗಳು ಶ್ರೀಲಂಕೆಯಲ್ಲಿದ್ದವು. ಹೊರನೋಟಕ್ಕೆ ಎಲ್ಲವೂ ಒಂದೇ. ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ. ವರ್ಗೀಕರಣಕ್ಕೆ ಬೇಕಾದುದು ಎರಡನೆಯದು.

2010ರಲ್ಲಿ ಎಸ್. ಡಿ. ಬಿಜು ಮತ್ತು ಅವರ ಸಂಗಡಿಗರು ನಮ್ಮ ಗುಂಪನ್ನು ಬೇರೆ ಜಾತಿಯಾಗಿ ವಿಂಗಡಿಸಿ, ‘ರಾವೋರ್ಕೆಸ್ಟಿಸ್’ ಎಂದು ಕರೆದರು. ಆರ್ಕೆಸ್ಟಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ನರ್ತಕ. ರಾವ್ ಎಂಬುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾಯರ ಸ್ಮರಣೆ. ಭಾರತೀಯರು ತಮ್ಮ ನಾಡಿನ ಕಪ್ಪೆಗಳಿಗೆ ತಾವೇ ಹೆಸರಿಡುವುದು ಅಪರೂಪವಾಗಿದ್ದ ಕಾಲದಲ್ಲಿ ರಾಯರು ಕೊಡಗು, ಮಲೆನಾಡುಗಳ ಕಪ್ಪೆಗಳನ್ನು ವರ್ಣಿಸಿದರು. 1937ರಲ್ಲಿ ಅವರು ಹೆಸರಿಸಿದ ಪೊದೆಗಪ್ಪೆಗಳಲ್ಲಿ ಒಂದು ಇದೇ ಕೊಟ್ಟಿಗೆಹಾರದ್ದು. 1932ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಹೊಸ ಜಾತಿಯ ಹೆಸರು ಪ್ರಕಟವಾದದ್ದು ಆ ಪತ್ರಿಕೆಯಲ್ಲಿಯೇ.

ಇಲ್ಲಿ ಒಂದು ವ್ಯಥೆಯ ಸಂಗತಿಯನ್ನೂ ಹೇಳಬೇಕು. ಪ್ರಭೇದಕ್ಕೆ ಹೆಸರಿಟ್ಟವನು ಒಂದು ಪ್ರಾಣಿಯನ್ನು ಮೂಲಮಾದರಿಯೆಂದು ಸಾರದಲ್ಲಿ ಮುಳುಗಿಸಿ ಕಾದಿಡಬೇಕು. ಮುಂದೆ ಸಂಶಯ ಬಂದರೆ ಅದೇ ಸಾಕ್ಷಿ. ರಾಯರ ಮೂಲಮಾದರಿಗಳು ಈಗ ಉಳಿದಿಲ್ಲ. ಉಳಿದಿರುವುದು ಅವರ ಮಾತಿನ ವರ್ಣನೆ, ಮತ್ತು ಅವರು ಹೇಳಿದ ಊರಿನ ಹೆಸರು. ಹಾಗಾದಾಗ ಪಂಡಿತರು ಅದೇ ಊರಿನ ಕಾಡಿಗೆ ಹೋಗಿ, ವರ್ಣನೆಗೆ ಹೊಂದುವ ಕಪ್ಪೆಯನ್ನು ಹುಡುಕಬೇಕು. ಸೀಸೆಯಲ್ಲಿದ್ದ ಸಾಕ್ಷಿ ಹೋದರೆ ಕಾಡೇ ಸಾಕ್ಷಿ. ಆ ಕಾಡೂ ಇಲ್ಲವಾದರೆ ಹೆಸರು ಯಾರದೆಂದು ಹೇಳುವವರಿಲ್ಲ.

ಈ ಜಾತಿಯ ಲಕ್ಷಣಗಳು ಕೆಲವೇ. ಉದ್ದ 15ರಿಂದ 45 ಮಿಲಿಮೀಟರು. ಬಾಯಿಯ ಅಂಗುಳಿನಲ್ಲಿ ಹಲ್ಲಿಲ್ಲ. ಕೂಗುವಾಗ ಗಂಟಲಿನ ಚೀಲ ಪಾರದರ್ಶಕ. ಇವೆಲ್ಲಕ್ಕಿಂತ ಮುಖ್ಯವಾದುದು, ಇವುಗಳ ಬಾಳಿನಲ್ಲಿ ನೀರಿನಲ್ಲಿ ಈಜುವ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯೊಳಗೇ ಎಲ್ಲ ರೂಪಾಂತರವೂ ಮುಗಿದು, ಪುಟ್ಟ ಕಪ್ಪೆ ನೇರವಾಗಿ ಹೊರಬರುತ್ತದೆ. ಕೆಲವು ಪ್ರಭೇದಗಳು ವಾಟೆ ಬಿದಿರಿನ ಗೆಣ್ಣುಗಳ ನಡುವೆ ಇರುವ ಸಣ್ಣ ಕಂಡಿಯಲ್ಲಿ ನುಸುಳಿ ಒಳಗೆ ಮೊಟ್ಟೆಯಿಡುತ್ತವೆ. ಗಂಡು ಅಲ್ಲಿಯೇ ಕಾವಲಿರುತ್ತದೆ. ಹೀಗೆ ಬಿದಿರಿನಲ್ಲಿ ಸಂಸಾರ ಹೂಡುವ ಚಲಜೋಡಿಸ್ ಎಂಬ ಹಸಿರು ಕಪ್ಪೆ 1876ರಲ್ಲಿ ವರ್ಣಿತವಾಗಿ, ಆಮೇಲೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳದೆ, ಮರಳಿ ಸಿಕ್ಕಿತೆಂಬ ಸುದ್ದಿ 2011ರಲ್ಲಿ ಬಂತು. ಬಿದಿರಿನ ಒಳಗೆ ನೋಡಬೇಕೆಂದು ಯಾರಿಗೆ ತಾನೆ ಹೊಳೆದೀತು!

ಗೊದಮೊಟ್ಟೆಯಿಲ್ಲದ ಈ ಜನ್ಮಕ್ರಮವೇ ಈ ಜಾತಿಯ ಚರಿತ್ರೆಗೆ ಬೀಗದಕೈಯೆಂದು ನನ್ನ ಎಣಿಕೆ. ಹಳ್ಳಕೊಳ್ಳಗಳ ಹಂಗಿಲ್ಲವಾದುದರಿಂದ ಇವು ಯಾವ ಎತ್ತರದ ಶೋಲೆಯಲ್ಲಾದರೂ ಸಂಸಾರ ಹೂಡಬಲ್ಲವು. ಆದರೆ ಹಸಿಯ ಹಂಗು ಬಿಟ್ಟಿಲ್ಲ; ಒಣಗಾಳಿ ಬಡಿದರೆ ಮೊಟ್ಟೆ ಸತ್ತುಹೋಗುತ್ತದೆ. ಆದ್ದರಿಂದ ಬೆಟ್ಟವನ್ನು ಏರಿದ ಕಪ್ಪೆ, ನಡುವಿನ ಒಣ ಕಣಿವೆಯನ್ನು ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಲಾರದು. ಪಾಲಘಾಟಿನ ಬಳಿ ಘಟ್ಟಸಾಲು ಸುಮಾರು 30 ಕಿಲೋಮೀಟರಿನಷ್ಟು ಕಡಿದುಹೋಗಿದೆ. ರೈಲು ಸಲೀಸಾಗಿ ಹಾಯುವ ಆ ಬಯಲು ಈ ಕಪ್ಪೆಗಳಿಗೆ ಸಮುದ್ರವಿದ್ದಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಕಣಿವೆಗಳು, ಬೆಟ್ಟಗಳ ಎತ್ತರ, ಹಿಂದಿನ ಹಿಮಯುಗಗಳ ಹವೆಯ ಏರಿಳಿತ ಇವೆಲ್ಲವೂ ಕೂಡಿ ಪ್ರಭೇದಗಳನ್ನು ಬೇರ್ಪಡಿಸಿದುವೆಂದು ತೋರಿಸಿದರು. ಇಂದು ಈ ಜಾತಿಯಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಪ್ರಭೇದಗಳಿವೆ. ಹೆಚ್ಚಿನವು ನಮ್ಮ ಘಟ್ಟಗಳಲ್ಲಿ. ಕೆಲವು ಮಾತ್ರ ಈಶಾನ್ಯ ಭಾರತ, ಬರ್ಮಾ, ದಕ್ಷಿಣ ಚೀನಗಳಲ್ಲಿ.

ಶ್ರೀಲಂಕೆಯ ದಾಯಾದಿಗಳ ಕಥೆ ಇನ್ನೂ ಸ್ವಾರಸ್ಯವಾದುದು. ಸುಮಾರು 3 ಕೋಟಿ ವರ್ಷಗಳ ಹಿಂದೆ ಭಾರತದಿಂದ ಅಲ್ಲಿಗೆ ಹೋದ ಪೂರ್ವಿಕರಿಂದ ‘ಸ್ಯೂಡೊಫಿಲಾಟಸ್’ ಎಂಬ ಜಾತಿ ಹಬ್ಬಿತು. ಅವುಗಳ ಒಂದು ಶಾಖೆ ಬಹುಕಾಲದ ಮೇಲೆ ಮರಳಿ ನಮ್ಮ ಘಟ್ಟಕ್ಕೆ ಬಂದು ನೆಲಸಿತು. ಹೀಗಾಗಿ ಒಂದೇ ಕಾಡಿನಲ್ಲಿ ಇಲ್ಲಿಯೇ ಉಳಿದ ಮನೆತನವೂ ಪರದೇಶದಿಂದ ಹಿಂದಿರುಗಿದ ಮನೆತನವೂ ಕೂಗುತ್ತಿರಬಹುದು. ಕಣ್ಣಿಗೆ ಎರಡೂ ಕಪ್ಪೆಯೇ. ವಿದ್ಯಾರ್ಥಿಗೆ ನಾನು ಹೇಳಬೇಕಾಗಿದ್ದುದು ಇದು: ಕಪ್ಪೆ ಬದಲಾಗಲಿಲ್ಲ, ಅದರ ವಂಶಾವಳಿ ನಮಗೆ ಈಗ ತಿಳಿಯಿತು.

2010ರಲ್ಲಿ ಜಾತಿಯ ಹೆಸರಿನೊಡನೆ ವರ್ಣಿತವಾದ ಹೊಸ ಪ್ರಭೇದ ಆನೆಮುಡಿಯದು. ಕೆಂಪು ಕಿತ್ತಳೆ ಬಣ್ಣದ, ಮೋಟುಗಾಲಿನ ಈ ಕಪ್ಪೆ ಮರಕ್ಕೆ ಏರದು. ನೆಲದ ಮೇಲೆಯೇ ನಡೆದಾಡುತ್ತದೆ. ಅದು ಕಂಡುಬಂದಿರುವ ಜಾಗ 3 ಚದರ ಕಿಲೋಮೀಟರಿಗೂ ಕಡಮೆ. ಹವೆ ಬಿಸಿಯಾದರೆ ಕೆಳಗಿನ ಇಳಿಜಾರಿನ ಕಪ್ಪೆಗಳು ಇನ್ನೂ ಮೇಲಕ್ಕೆ ಸರಿಯಬಹುದು. ಆನೆಮುಡಿ 2,695 ಮೀಟರು. ಪಶ್ಚಿಮ ಘಟ್ಟದಲ್ಲಿ ಅದಕ್ಕಿಂತ ಎತ್ತರವಾದ ಶಿಖರವಿಲ್ಲ.